ದ್ರಾಕ್ಷಿಯ ಗಾಡಿಗೆ ಊರಿನ ಹೆಸರು

ಹಿಂದೊಮ್ಮೆ ಕಂಬಂ ಪಟ್ಟಣದ ಬಸ್ ನಿಲ್ದಾಣದ ಬಳಿ ನಾವು ದ್ರಾಕ್ಷಿ ಕೊಂಡೆವು. ತಳ್ಳುಗಾಡಿಯ ತುಂಬ ಕಪ್ಪು ಗೊಂಚಲುಗಳು; ಮಾರುವವನು ಮನೆಯಲ್ಲಿ ಕನ್ನಡವಾಡುವ ನಮ್ಮವನೇ ಆದ ತರುಣ. "ಇದು ಯಾವ ಊರ ಹಣ್ಣೆಂದು ಒಂದು ಹಲಗೆ ಬರೆದು ಹಾಕಬಾರದೇನಪ್ಪಾ?" ಎಂದು ಕೇಳಿದೆವು. "ಸುತ್ತಲೂ ಇದೇ ಹಣ್ಣು ಅಣ್ಣಾ, ಹಲಗೆ ನೋಡಿ ಕೊಳ್ಳುವವರು ಯಾರು?" ಎಂದು ಅವನು ನಕ್ಕ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮವರೊಡನೆ ಗಡಿ ದಾಟಿ ಇಲ್ಲಿಗೂ ಬಂದಿದೆ ಎಂದುಕೊಂಡೆವು.

ಆ ತರುಣನ ಗಾಡಿಯಲ್ಲಿದ್ದುದು ಹೆಸರುಳ್ಳ ಹಣ್ಣು. ಕಂಬಂ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಸರ್ಕಾರದ ಭೌಗೋಳಿಕ ಗುರುತು ದೊರೆತಿದೆ. ಮಸ್ಕಟ್ ಹ್ಯಾಂಬರ್ಗ್ ಎಂಬ ತಳಿ ಇದು. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟದ ಸುರಂಗದಿಂದ ಇಳಿದು ಬಂದ ಮೇಲೆ ಈ ಕಣಿವೆಯ ಬೇಸಾಯವೇ ಬದಲಾಯಿತು. ಒಂದೊಂದು ತೋಟದವರು ಒಂದೊಂದು ಕಾಲಕ್ಕೆ ಬಳ್ಳಿ ಸವರುವುದರಿಂದ ವರ್ಷದ ಬಹುಕಾಲ ಯಾವುದಾದರೊಂದು ಚಪ್ಪರದಲ್ಲಿ ಕೊಯ್ಲು ನಡೆದೇ ಇರುತ್ತದೆ. ಪಟ್ಟಣದಲ್ಲಿ ಸಣ್ಣ ಅಂಗಡಿ ಇಡಬಯಸುವವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕಿಲ್ಲ.

ಆದರೆ ಗುರುತು ದೊರೆತ ಮಾತ್ರಕ್ಕೆ ಹಣ ಕೈಗೆ ಬರುವುದಿಲ್ಲ. ಆ ಹೆಸರು ಊರಿನವರೆಲ್ಲರದು. ಅದರ ಅಧಿಕೃತ ಚಿಹ್ನೆಯನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಬೇಕಾದರೆ ಮಾತ್ರ ಪ್ರತಿಯೊಬ್ಬರೂ ಚೆನ್ನೈಯಲ್ಲಿರುವ ನೋಂದಣಿ ಕಚೇರಿಯಲ್ಲಿ 'ಅಧಿಕೃತ ಬಳಕೆದಾರ'ರೆಂದು ಹೆಸರು ಬರೆಸತಕ್ಕದ್ದು. ಬೆಳೆಯುವವರಿಗಷ್ಟೇ ಅಲ್ಲ, ಹಣ್ಣನ್ನು ಸಂಸ್ಕರಿಸಿ ಕಟ್ಟಿ ಮಾರುವವರಿಗೂ ಇದಕ್ಕೆ ಅವಕಾಶ ಉಂಟು. ಒಬ್ಬೊಬ್ಬರೇ ಅಲೆಯುವುದಕ್ಕಿಂತ ಒಂದು ಊರಿನ ಹತ್ತು ಮಂದಿ ಕೂಡಿ ಬೆಳೆಗಾರರ ಸಂಘದ ಮೂಲಕ ಅರ್ಜಿ ಹಾಕುವುದು ಲೇಸು.

ಹೆಸರನ್ನು ಕೆಡಿಸುವವರೂ ನಾವೇ ಎಂಬುದನ್ನು ಮರೆಯಬಾರದು. ಮಾವು, ಬಾಳೆಗಳು ಕೊಯ್ದ ಮೇಲೂ ಹಣ್ಣಾಗುತ್ತವೆ, ದ್ರಾಕ್ಷಿ ಹಾಗಲ್ಲ. ಬಳ್ಳಿಯಲ್ಲಿ ಎಷ್ಟು ಸಿಹಿಯಾಯಿತೋ ಅಷ್ಟೇ. ಬೆಲೆ ಏರಿತೆಂದು ವಾರ ಮೊದಲೇ ಕೊಯ್ದರೆ ಹುಳಿ ಹಣ್ಣು ಗಿರಾಕಿಯ ಬಾಯಿಗೆ ಹೋಗುತ್ತದೆ. ಮರುಸಲ ಅವನು ಕಂಬಂ ಹಣ್ಣೆಂದರೆ ಮುಖ ತಿರುಗಿಸುತ್ತಾನೆ. ಬೆಳಗಿನ ತಂಪಿನಲ್ಲಿ ಕೊಯ್ಯಿರಿ, ಒಡೆದ ಕಾಯಿಗಳನ್ನು ಆರಿಸಿ ತೆಗೆಯಿರಿ, ಗೊಂಚಲನ್ನು ಒದ್ದೆ ಮಾಡಿ ಇಡಬೇಡಿರಿ.

ಇನ್ನು ಲೆಕ್ಕದ ಮಾತು. ಉದಾಹರಣೆಗೆ, ಕಿಲೋಗೆ 60 ರೂಪಾಯಿಯಂತೆ 20 ಕಿಲೋ ಹಣ್ಣು ತಂದಿರಿ ಎನ್ನಿ. 1,200 ರೂಪಾಯಿ ಆಯಿತು. ಪೆಟ್ಟಿಗೆ, ಸಾಗಣೆಗೆ 100 ರೂಪಾಯಿ. ಸಂಜೆಯೊಳಗೆ 2 ಕಿಲೋ ಉದುರಿ, ಒಡೆದು ಹಾಳಾಯಿತು. ಉಳಿದ 18 ಕಿಲೋವನ್ನು 70ರಂತೆ ಮಾರಿದರೆ ಬರುವುದು 1,260. ಕಿಲೋಗೆ 10 ರೂಪಾಯಿ ಲಾಭವೆಂದು ಎಣಿಸಿದವನು ದಿನವೆಲ್ಲ ಬಿಸಿಲಲ್ಲಿ ನಿಂತು 40 ರೂಪಾಯಿ ಕಳೆದುಕೊಂಡ! ಹಾಳಾದುದನ್ನೂ ಅಸಲಿಗೆ ಸೇರಿಸಿ ಬೆಲೆ ಕಟ್ಟುವವನೇ ವ್ಯಾಪಾರಿ. ಸಾಲವಾಗಿ ಕೊಟ್ಟುದನ್ನು ಅಂದೇ ಪುಸ್ತಕದಲ್ಲಿ ಬರೆಯಿರಿ. ಅಂಗಡಿಯ ಹಣವನ್ನೂ ಮನೆಯ ಹಣವನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿರಿ.

ಹೆಸರಿದ್ದರೂ ಕಸುಬು ಸೊರಗಬಹುದೆಂಬುದಕ್ಕೆ ದಿಂಡಿಗಲ್ಲಿನ ಬೀಗವೇ ಸಾಕ್ಷಿ. ಕೈಯಿಂದ ಮಾಡಿದ ಆ ಕಬ್ಬಿಣದ ಬೀಗ, ಅದರಲ್ಲೂ ಮಾವಿನ ಕಾಯಿಯ ಆಕಾರದ ಬೀಗ, ದೂರದೂರಕ್ಕೆ ಹೆಸರಾಗಿತ್ತು. ಅಲಿಗಢದ ಯಂತ್ರದ ಬೀಗ ಅಗ್ಗವಾಗಿ ಬಂದಿತು. ಕಮ್ಮಾರನಿಗೆ ಕೂಲಿ ಗಿಟ್ಟದೆ ಮಕ್ಕಳು ಬೇರೆ ದಾರಿ ಹಿಡಿದರು. 2019ರಲ್ಲಿ ಭೌಗೋಳಿಕ ಗುರುತು ಬರುವ ಹೊತ್ತಿಗೆ ಮಾಡುವ ಕೈಗಳೇ ಕಡಮೆಯಾಗಿದ್ದವು.

ಅದೇ 2019ರಲ್ಲಿ ಪಳನಿಯ ಪಂಚಾಮೃತಕ್ಕೂ ಗುರುತು ದೊರೆಯಿತು. ಅದರಲ್ಲಿ ಬೀಳುವ ಬಾಳೆ, ಬೆಲ್ಲ, ತುಪ್ಪ, ಜೇನು, ಏಲಕ್ಕಿ ಎಲ್ಲವೂ ರೈತನ ಮನೆಯವೇ. ಆದರೆ ಅದಕ್ಕೆ ಹೆಸರಾದ ವಿರೂಪಾಕ್ಷಿ ಬೆಟ್ಟದ ಬಾಳೆ 1970ರ ದಶಕದಲ್ಲಿ ಗೊಂಚಲು ಎಲೆ ರೋಗಕ್ಕೆ ತುತ್ತಾಗಿ ಬಹುವಾಗಿ ಅಳಿಯಿತು. ಬಳಿಕ ರೋಗವಿಲ್ಲದ ಸಸಿಗಳಿಂದ ಅದನ್ನು ಮತ್ತೆ ಬೆಳೆಸಬೇಕಾಯಿತು. ಬೀಗಕ್ಕೆ ಕೈಗಳು ಸಾಲಲಿಲ್ಲ, ಪಂಚಾಮೃತಕ್ಕೆ ಬಾಳೆ ಸಾಲಲಿಲ್ಲ. ತೋಟ, ಕಸುಬು, ಅಂಗಡಿ ಈ ಮೂರೂ ಕೂಡಿ ಬಾಳಿದರೆ ಮಾತ್ರ ಹೆಸರಿಗೆ ಬೆಲೆ.

ನಮ್ಮವರಿಗೆ ಮತ್ತೊಂದು ಅನುಕೂಲವೂ ಉಂಟು. ಕುಮಿಳಿಗೆ ಹೋಗುವ ಹೆದ್ದಾರಿ ಕಂಬಂ ಮೂಲಕವೇ ಸಾಗುತ್ತದೆ. ಶಬರಿಮಲೆಯ ಕಾಲದಲ್ಲಿ ಯಾತ್ರಿಕರ ಗಾಡಿಗಳು ಸಾಲುಗಟ್ಟುತ್ತವೆ. ಕರ್ನಾಟಕದ ಗಾಡಿಗಳೂ ಅವುಗಳಲ್ಲಿರುತ್ತವೆ. ಹಲಗೆಯ ಮೇಲೆ ತಮಿಳು ಮೊದಲಿರಲಿ, ಮಲೆಯಾಳವೂ ಇರಲಿ, ಕೆಳಗೆ ಕನ್ನಡದಲ್ಲಿ ಒಂದು ಸಾಲು ಸೇರಲಿ. ಪರಸ್ಥಳದಲ್ಲಿ ತನ್ನ ನುಡಿ ಕಂಡವನು ಗಾಡಿ ನಿಲ್ಲಿಸದೆ ಹೋಗಲಾರ. ಮನೆಯೊಳಗೆ ಮಾತ್ರ ಉಳಿದಿರುವ ನಿಮ್ಮ ಕನ್ನಡ ಅಂಗಡಿಯಲ್ಲಿಯೂ ದುಡಿಯಲಿ. 2022ರಲ್ಲಿ ತೇನಿಗೂ 2023ರಲ್ಲಿ ಬೋಡಿಗೂ ಅಗಲ ಹಳಿಯ ರೈಲು ಬಂದಿರುವುದರಿಂದ ಮಧುರೆಯ ಗಿರಾಕಿಯೂ ಹತ್ತಿರವಾಗಿದ್ದಾನೆ.

ಹಣ್ಣಿನ ರಸ, ಜಾಮು ಮಾಡಿ ಮಾರುವವರು ಆಹಾರ ಸುರಕ್ಷತೆಯ ನೋಂದಣಿಯನ್ನು ತಪ್ಪದೆ ಮಾಡಿಸಬೇಕು. ಸಣ್ಣ ಉದ್ದಿಮೆಯ 'ಉದ್ಯಮ್' ನೋಂದಣಿಗೆ ಸರ್ಕಾರ ಶುಲ್ಕ ಪಡೆಯುವುದಿಲ್ಲ. ಅದಕ್ಕೆಂದು ಹಣ ಕೇಳುವ ದಲ್ಲಾಳಿಗೆ ಕಾಸು ಕೊಡಬೇಡಿರಿ.

ಹೊರಡುವಾಗ ಆ ತರುಣನ ರಟ್ಟಿನ ಪೆಟ್ಟಿಗೆಯ ಮುಚ್ಚಳದ ಮೇಲೆ 'ಕಂಬಂ ಪನ್ನೀರು ದ್ರಾಕ್ಷಿ' ಎಂದು ನಾವೇ ಕನ್ನಡದಲ್ಲಿ ಬರೆದು ಕೊಟ್ಟೆವು. ತಮಿಳಿನಲ್ಲಿ ಅವನೇ ಬರೆದುಕೊಂಡ. ಖರ್ಚು ಏನೂ ಆಗಲಿಲ್ಲ. ಓದುಗರೇ, ನಿಮ್ಮ ಗಾಡಿಗೂ ಅಂಥದೊಂದು ಹಲಗೆ ಇಂದೇ ಏರಲಿ. ಅದರ ಕೆಳಗಿನ ಹಣ್ಣು ಆ ಹೆಸರಿಗೆ ತಕ್ಕಂತಿರಲಿ.