ಹಾಡು ಅಂಗಳದಲ್ಲಿ, ಚಿತ್ರ ಗೋಡೆಯಲ್ಲಿ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ನಿಲ್ಕುಂದದ ಮನೆಗೆ ಬಂದ ಐದು ವರ್ಷದ ಮೊಮ್ಮಗಳ ಚೀಲದಲ್ಲಿ ‘ಜಿಂಗಲ್ ಬೆಲ್ಸ್’ ಹಾಡಿನ ಚಿತ್ರಪುಸ್ತಕವಿತ್ತು. ಪುಟಕ್ಕೊಂದು ಸಾಲು, ಸಾಲಿಗೊಂದು ಚಿತ್ರ: ಹಿಮ, ಕುದುರೆ, ಹಿಮದ ಮೇಲೆ ಜಾರುವ ಗಾಡಿ. ಹಿಮವನ್ನೇ ಕಾಣದ ಮಗು ಚಿತ್ರ ನೋಡುತ್ತಲೇ ಇಡೀ ಹಾಡನ್ನು ಒಪ್ಪಿಸಿತು. ಆ ರಾತ್ರಿ ಬಿಂಗಿ ಪದ ಹಾಡುವವರು ದೀಪ ಹಿಡಿದು ಅಂಗಳಕ್ಕೆ ಬಂದರು. ಬಲೀಂದ್ರನನ್ನು ಕೊಂಡಾಡಿ ಹಾಡಿದರು. ರೂಢಿಯಂತೆ ಅವರ ದೀಪಕ್ಕೆ ಎಣ್ಣೆ ಎರೆದೆವು. ಅವರು ಮುಂದಿನ ಮನೆಗೆ ನಡೆದ ಮೇಲೆ ಮೊಮ್ಮಗಳು ಕೇಳಿದಳು: “ಅಜ್ಜ, ಈ ಹಾಡಿನ ಪುಸ್ತಕ ಎಲ್ಲಿದೆ?”

ನನ್ನಲ್ಲಿ ಉತ್ತರವಿರಲಿಲ್ಲ. ಬಾಲ್ಯದಿಂದ ಕೇಳಿದ ಹಾಡು. ನಾಲ್ಕು ಸಾಲೂ ಬಾರದು. ಅಂಗಳದಲ್ಲಿ ನಿಂತವರ ಪದವನ್ನು ಕಲಿಯಬೇಕೆಂದು ಜಗಲಿಯ ಮೇಲೆ ಕುಳಿತ ನಮಗೆ ಎಂದೂ ತೋಚಲಿಲ್ಲ.

ಪಾಶ್ಚಾತ್ಯರ ಚಳಿಗಾಲದ ಹಾಡುಗಳು ಬಾಯಿಂದ ಬಾಯಿಗೆ ಮಾತ್ರವಲ್ಲ, ಮಕ್ಕಳ ಪುಸ್ತಕಗಳ ಮೂಲಕವೂ ಉಳಿದು ಬಂದಿವೆ. ‘ಕ್ರಿಸ್‌ಮಸ್‌ನ ಹನ್ನೆರಡು ದಿನಗಳು’ ಸುಮಾರು 1780ರಲ್ಲಿ ಲಂಡನ್ನಿನ ಮಕ್ಕಳ ಪುಸ್ತಕವೊಂದರಲ್ಲಿ ಅಚ್ಚಾಯಿತು. ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ 1857ರಲ್ಲಿ ಪ್ರಕಟಿಸಿದ ‘ಜಿಂಗಲ್ ಬೆಲ್ಸ್’ನಲ್ಲಿ ಕ್ರಿಸ್‌ಮಸ್ ಎಂಬ ಶಬ್ದವೇ ಇಲ್ಲ. ಆದರೂ ಅದಿಂದು ಆ ಹಬ್ಬದ ಹಾಡು. ‘ಲಿಟಲ್ ಡ್ರಮ್ಮರ್ ಬಾಯ್’ ಹಾಡಿಗೆ ಎಜ್ರಾ ಜ್ಯಾಕ್ ಕೀಟ್ಸ್ 1968ರಲ್ಲಿ ಚಿತ್ರ ಬರೆದು ಪುಸ್ತಕವಾಗಿಸಿದರು.

ನಮ್ಮಲ್ಲಿ ಕೊರತೆಯಿರುವುದು ಯಾವುದಕ್ಕೆ? ಮಂಜು ಬೀಳತೊಡಗುವ ಹೊತ್ತಿಗೆ ಬರುವ ದೀಪಾವಳಿಗೆ ಸಿದ್ದಾಪುರದ ಕಡೆ ಬಿಂಗಿ ಪದವಿದೆ, ತೀರ್ಥಹಳ್ಳಿಯ ಕಡೆ ಅಂಟಿಗೆ-ಪಂಟಿಗೆಯಿದೆ. ಇವನ್ನು ಉಳಿಸಿಕೊಂಡವರಲ್ಲಿ ದೀವರು ಪ್ರಮುಖರು. ಚಿತ್ರವೂ ಅವರಲ್ಲೇ ಇದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚದಿಂದ ಆ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ಈಗ ದೂರದ ಪ್ರದರ್ಶನಗಳಿಗೂ ಹೋಗಿದೆ. ಭೂಮಿ ಹುಣ್ಣಿಮೆಗೆ ಅವರು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಅದಾಗಿ ಹದಿನೈದು ದಿನಕ್ಕೆ ದೀಪಾವಳಿ. ಒಂದೇ ಸಮುದಾಯದ ಹಾಡು ಮತ್ತು ಚಿತ್ರ ಒಂದೇ ಪುಟದಲ್ಲಿ ಸೇರಿದರೆ ಸಾಕು, ಪುಸ್ತಕ ಸಿದ್ಧ.

ಅಡ್ಡಿಯಿರುವುದು ಅರ್ಥವ್ಯವಸ್ಥೆಯಲ್ಲಿ. ಬಣ್ಣದ ಪುಸ್ತಕದ ಆರಂಭಿಕ ವೆಚ್ಚ ಐನೂರು ಪ್ರತಿಗೂ ಐದು ಸಾವಿರ ಪ್ರತಿಗೂ ಹೆಚ್ಚುಕಡಿಮೆ ಒಂದೇ. ಓದುಗರು ಚದುರಿರುವ ಕನ್ನಡದಲ್ಲಿ ಪ್ರಕಾಶಕರು ಹಿಂಜರಿಯುವುದು ಸಹಜ. ಇಂಥಲ್ಲಿ ಸಾರ್ವಜನಿಕ ಹಣಕ್ಕೆ ಕೆಲಸವಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ತೆರುತ್ತೇವೆ. ಆದರೆ ಪುಟಗಳನ್ನು ಎಣಿಸಿ ಬೆಲೆ ಕಟ್ಟುವ ಪದ್ಧತಿಯಲ್ಲಿ ಹದಿನಾರು ಪುಟದ ಚಿತ್ರಪುಸ್ತಕಕ್ಕೆ ನ್ಯಾಯ ಸಿಗದು. ಮಕ್ಕಳ ಚಿತ್ರಪುಸ್ತಕಗಳಿಗೆ ಪ್ರತ್ಯೇಕ ಮಾನದಂಡ, ಖಚಿತ ಖರೀದಿ ಬೇಕು. ಹಾಡಿದವರ, ಬರೆದವರ ಹೆಸರು ಮುಖಪುಟದಲ್ಲಿರಬೇಕು. ಗೌರವಧನವೂ ಅವರಿಗೆ ಸಲ್ಲಬೇಕು. ಜಾನಪದವೆಂದರೆ ಒಡೆಯರಿಲ್ಲದ ಸೊತ್ತಲ್ಲ.

ಪುಸ್ತಕ ಬಂದರೆ ಹಾಡು ಬದುಕೀತೇ ಎಂಬ ಸಂದೇಹ ನನಗೂ ಇದೆ. ಅಂಗಳದ ದನಿಯನ್ನು ಕಾಗದ ಹಿಡಿಯಲಾರದು. ಆದರೆ ಪದ ಗೊತ್ತಿರುವ ಮಗು ಹಾಡುವವರನ್ನು ಎದುರು ನೋಡುತ್ತದೆ. ಗೊತ್ತಿಲ್ಲದ್ದು ನಿದ್ದೆ ಹೋಗುತ್ತದೆ.

ಮುಂದಿನ ದೀಪಾವಳಿಗೆ ಮೊಮ್ಮಗಳು ಮತ್ತೆ ಬರುತ್ತಾಳೆ. ಅಷ್ಟರೊಳಗೆ ಹಾಡುವವರ ಮನೆಗೆ ನಾನೇ ಹೋಗಿ, ಅವರೊಪ್ಪಿದರೆ ಕುಳಿತು ಪದ ಬರೆದುಕೊಳ್ಳಬೇಕೆಂದಿದ್ದೇನೆ. ಅರವತ್ತು ವರ್ಷ ಅವರೇ ನಮ್ಮ ಮನೆಗೆ ಬಂದಿದ್ದಾರೆ.