ಕೈಹೆಣಿಗೆಯ ಮಾರಾಟದಲ್ಲಿ ಕೂಲಿಯ ಲೆಕ್ಕ

ಹಿಂದಿನ ಪೂರ್ವ ವಿದ್ಯಾರ್ಥಿನಿಯರ ಕೂಟದ ದಿನ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾನು ಹೆಣೆದ ಮಗುವಿನ ಸ್ವೆಟರೊಂದನ್ನು ನಮ್ಮ ಕೈಗಿತ್ತು, “ಟೀಚರ್, ಇದನ್ನು 400 ರೂಪಾಯಿಗೆ ಕೊಡುತ್ತೇನೆ. ಕೇಳುವವರು ಬಹಳ ಮಂದಿ ಇದ್ದಾರೆ. ಆದರೂ ಕೈಯಲ್ಲಿ ಕಾಸು ನಿಲ್ಲುವುದಿಲ್ಲ, ಏಕೆ?” ಎಂದು ಕೇಳಿದಳು. ಹೆಣಿಗೆಯು ಒಂದೇ ಬಿಗಿಯಲ್ಲಿದ್ದಿತು. ಅಂಚು ಎಲ್ಲಿಯೂ ಸೊಟ್ಟಗಾಗಿರಲಿಲ್ಲ. ತಪ್ಪಿದ್ದುದು ಲೆಕ್ಕದಲ್ಲಿ. ಕೈಕೆಲಸವನ್ನು ಕಲಿಸಿದ ನಾವು ಅದಕ್ಕೆ ಬೆಲೆ ಕಟ್ಟುವುದನ್ನು ಕಲಿಸಲಿಲ್ಲವೆಂಬ ಸಂಕೋಚದಿಂದಲೇ ಇದನ್ನು ಬರೆಯುತ್ತಿದ್ದೇವೆ.

ಆಕೆಯೊಡನೆ ಕುಳಿತು ಲೆಕ್ಕ ಹಾಕಿದೆವು. ಉಣ್ಣೆಯ ದಾರಕ್ಕೂ ಗುಂಡಿಗಳಿಗೂ 250 ರೂಪಾಯಿ. ಉಳಿದುದು 150. ಹೆಣೆಯಲು ಹಿಡಿದ ಕಾಲವೆಷ್ಟೆಂದು ಕೇಳಿದುದಕ್ಕೆ, “ಅದೆಲ್ಲ ಬಿಡುವಿನ ವೇಳೆಯಲ್ಲಿ ಮಾಡಿದ್ದು” ಎಂದಳು. ಬಿಡಿಸಿ ಕೇಳಲಾಗಿ 16 ಘಂಟೆಯೆಂದು ತಿಳಿದುಬಂದಿತು. ಎಂದರೆ ಘಂಟೆಗೆ 9 ರೂಪಾಯಿ ಚಿಲ್ಲರೆ! ಸಂಜೆಯ ಅಡಿಗೆಯಾದ ಮೇಲೆ ಕಣ್ಣು ನೋಯಿಸಿಕೊಂಡು ಮಾಡಿದ ಕೆಲಸವನ್ನು ಬಿಡುವೆಂದು ಕರೆಯುವವರು ಯಾರೋ ನಾವರಿಯೆವು.

ಈ ‘ಬಿಡುವು’ ಎಂಬ ಮಾತಿನಿಂದಾಗುವ ನಷ್ಟವು ಒಬ್ಬಿಬ್ಬರದಲ್ಲ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಸುತ್ತಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಬಡ ಹೆಂಗಸರಿಗೆ ಕ್ರೋಶಾ ಲೇಸನ್ನು ಕಲಿಸಿದರು. ಮುಂದೆ ಆ ಲೇಸು ಪರದೇಶಗಳಿಗೂ ಹೋಗತೊಡಗಿತು. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಆದರೆ ಜರ್ಮನಿಯ ಮರಿಯಾ ಮೀಸ್ ಎಂಬ ಸಮಾಜಶಾಸ್ತ್ರಜ್ಞೆಯು ಅಲ್ಲಿನ ಹೆಂಗಸರ ವಿಷಯವಾಗಿ 1982ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಓದಿದವರಿಗೆ ಬೇರೊಂದು ಸಂಗತಿಯು ಕಾಣುವುದು. ದಿನದ ಅನೇಕ ಘಂಟೆಗಳ ಕಾಲ ಲೇಸು ಹೆಣೆಯುತ್ತಿದ್ದ ಆ ಹೆಂಗಸರನ್ನು ಗೃಹಿಣಿಯರೆಂದೇ ಎಣಿಸಿ, ಅವರ ದುಡಿಮೆಯನ್ನು ಹೊತ್ತು ಕಳೆಯುವ ಕೆಲಸವೆಂದು ಭಾವಿಸಿದುದರಿಂದ ಅವರಿಗೆ ಬಹು ಅಲ್ಪವಾದ ಕೂಲಿಯು ಸಲ್ಲುತ್ತಿದ್ದಿತು. ಲಾಭವು ವರ್ತಕರ ಪಾಲಾಗುತ್ತಿದ್ದಿತು. ಕಲಿಸಿದವರ ಸಾಲಿಗೆ ಸೇರಿದ ನಾವು ಇದನ್ನು ಮರೆಯಲಾಗದು.

ಹಾಗಾದರೆ ಆ ಸ್ವೆಟರಿಗೆ ಘಂಟೆಗೆ 50 ರೂಪಾಯಿಯಂತೆ ಕೂಲಿ ಹಿಡಿದು 1,050 ರೂಪಾಯಿ ಕೇಳಬಹುದೇ ಎಂದರೆ, ಕೇಳಬಹುದು, ಕೊಡುವವರು ವಿರಳ. ಇದಕ್ಕೆ ಕಾರಣವುಂಟು. ಸೂಜಿಹೆಣಿಗೆಯಲ್ಲಿ ಕುಣಿಕೆಗಳೆಲ್ಲವೂ ಸಾಲಾಗಿ ಕಡ್ಡಿಯ ಮೇಲೆ ನಿಂತಿರುವುದರಿಂದ ಆ ಸಾಲನ್ನು ಯಂತ್ರದ ಸೂಜಿಗಳ ಮೇಲೆ ನಿಲ್ಲಿಸುವುದು ಸಾಧ್ಯವಾಯಿತು. ಇಂಗ್ಲೆಂಡಿನ ವಿಲಿಯಮ್ ಲೀ ಎಂಬಾತನು ಕಾಲುಚೀಲ ಹೆಣೆಯುವ ಯಂತ್ರವನ್ನು 1589ರಲ್ಲಿಯೇ ಕಟ್ಟಿದನೆಂದು ಹೇಳುವರು. ಇಂದು ಲೂಧಿಯಾನದ ಕಾರ್ಖಾನೆಗಳ ಸ್ವೆಟರು ನಮ್ಮ ಊರುಗಳ ಸಂತೆಗೂ ಬರುವುದಷ್ಟೆ. ಅದರೊಡನೆ ನಮ್ಮ ಹೆಣ್ಣುಮಕ್ಕಳು ಬೆಲೆಯಲ್ಲಿ ಸ್ಪರ್ಧಿಸುವುದು ವ್ಯರ್ಥ.

ಕ್ರೋಶಾದ ಮಾತು ಬೇರೆ. ಅದರಲ್ಲಿ ಸಾಮಾನ್ಯವಾಗಿ ಒಂದು ಕುಣಿಕೆ ಮಾತ್ರ ಕೊಕ್ಕೆಯ ಮೇಲಿದ್ದು, ಕೊಕ್ಕೆಯು ಹಿಂದಣ ಹೆಣಿಗೆಯ ಯಾವ ಕಡೆಗಾದರೂ ಹೊಕ್ಕು ದಾರವನ್ನು ಎಳೆದುಕೊಳ್ಳುವುದು. ಈ ಸ್ವಾತಂತ್ರ್ಯವನ್ನು ಯಂತ್ರವು ಇನ್ನೂ ಕಲಿತಿಲ್ಲ. ಅಂಗಡಿಯಲ್ಲಿ ಕ್ರೋಶಾ ಎಂದು ಮಾರುವ ಯಂತ್ರದ ವಸ್ತುಗಳು ಬಹುತೇಕ ಅದರ ಅನುಕರಣಗಳು. ಆದುದರಿಂದ ಸೂಜಿಹೆಣಿಗೆಯು ಮನೆಯವರ ಪ್ರೀತಿಗೆ, ಕ್ರೋಶಾ ಮಾರಾಟಕ್ಕೆ ಎಂಬುದು ನಮ್ಮ ಅಭಿಪ್ರಾಯ. ನಮ್ಮ ನಾಡಿನ ಹೆಚ್ಚಿನ ಭಾಗದಲ್ಲಿ ಚಳಿಯು ಕೆಲವೇ ತಿಂಗಳಾದುದರಿಂದ ಹತ್ತಿಯ ದಾರದ ಕುಲಾವಿ, ಬಾಗಿಲ ತೋರಣ, ಮೇಜಿನ ಹಾಸು ಇವುಗಳಿಗೆ ವರ್ಷವೆಲ್ಲಾ ಗಿರಾಕಿಯುಂಟು.

ಆರ್ಡರನ್ನು ಒಪ್ಪಿಕೊಳ್ಳುವಾಗ ಅರ್ಧ ಹಣವನ್ನು ಮುಂಗಡವಾಗಿ ಪಡೆಯಬೇಕು, ನೆಂಟರಿಂದಲೂ ಪಡೆಯಬೇಕು. (ನೆಂಟರಿಂದಲೇ ಮುಖ್ಯವಾಗಿ ಎನ್ನೋಣವೇ?) ದಾರವನ್ನು ಒಂದೇ ಸಾರಿ ಸಾಕಾಗುವಷ್ಟು ಕೊಳ್ಳತಕ್ಕುದು, ಏಕೆಂದರೆ ಒಂದೇ ಬಣ್ಣದ ಹೆಸರಿದ್ದರೂ ಬೇರೆ ಬೇರೆ ಸಲ ಅದ್ದಿದ ದಾರವು ಒಂದಕ್ಕೊಂದು ಹೊಂದದು. ಸುತ್ತುಪಟ್ಟಿಯ ಮೇಲಿನ ಅದ್ದಿಕೆಯ ಅಂಕೆಯನ್ನು ನೋಡಿದರೆ ಇದು ತಿಳಿಯುವುದು. ಕೆಂಪು ದಾರವನ್ನು ಬಿಳಿಯದರೊಡನೆ ಸೇರಿಸುವ ಮುನ್ನ ಅಂಗೈಯಗಲದ ತುಂಡೊಂದನ್ನು ಹೆಣೆದು ಒಗೆದು ನೋಡಬೇಕು. ಹೀಗೆ ನೋಡದೆ ಒಮ್ಮೆ ನಾವೇ ಶಾಲೆಯ ಮಾರಾಟಕ್ಕೆಂದು ಮಾಡಿದ ಆರು ಮೇಜುಹಾಸುಗಳನ್ನು ನಸುಗೆಂಪಾಗಿಸಿಕೊಂಡೆವು. ಕೂಸುಗಳ ಉಡುಪಿನಲ್ಲಿ ಮಣಿಗಳನ್ನಾಗಲಿ, ಬೆರಳು ಸಿಕ್ಕಿಕೊಳ್ಳುವಂಥ ಸಡಿಲ ಜಾಲವನ್ನಾಗಲಿ ಇಡಕೂಡದು.

ತಂದೆತಾಯಿಗಳಲ್ಲಿಯೂ ಒಂದು ಬಿನ್ನಹ. ಮಗಳು ಕೊಕ್ಕೆ ಹಿಡಿದು ಕುಳಿತಿರುವಾಗ, “ಸುಮ್ಮನೆ ಕೂತಿದ್ದೀಯಲ್ಲ” ಎಂದು ಬೇರೆ ಕೆಲಸಕ್ಕೆ ಕರೆಯಬೇಡಿರಿ. ಅವಳ ಹಣವನ್ನು ಅವಳ ಹೆಸರಿನ ಖಾತೆಯಲ್ಲಿಯೇ ಇಡಗೊಡಿರಿ.

ಆ ವಿದ್ಯಾರ್ಥಿನಿಯು ಈಗ ಸ್ವೆಟರುಗಳನ್ನು ಬಿಟ್ಟಿದ್ದಾಳೆ. ಕುಲಾವಿಯೂ ಕಾಲುಚೀಲವೂ ಸೇರಿದ ಒಂದು ಜೊತೆಗೆ ದಾರ 60 ರೂಪಾಯಿ, ಕೆಲಸ 3 ಘಂಟೆ, ಬೆಲೆ 250 ರೂಪಾಯಿ. ಕಳೆದ ತಿಂಗಳು ತನ್ನ ಲೆಕ್ಕದ ಪುಸ್ತಕವನ್ನು ತಂದು ತೋರಿಸಿದಳು. ಅದರಲ್ಲಿ ‘ಘಂಟೆ’ ಎಂಬ ಕಲಮನ್ನು ಕೆಂಪು ಶಾಯಿಯಲ್ಲಿ ಗೆರೆಯೆಳೆದು ಬೇರೆಯಾಗಿಯೇ ಇಟ್ಟಿದ್ದಳು.