ಉಸಿರಿನಲ್ಲಿ ಸಿಗುವ ದುಡಿಮೆಯ ಲೆಕ್ಕ

ಓಟವಿರಲಿ, ಹೊರೆ ಹೊರುವುದಿರಲಿ, ಸ್ನಾಯುಗಳು ನೇರವಾಗಿ ಬಳಸುವ ಇಂಧನ ಎಟಿಪಿ ಎಂಬ ಅಣು. ಅದರ ಸಂಗ್ರಹ ಕೆಲವೇ ಸೆಕೆಂಡುಗಳ ಬಿರುಸಿನ ದುಡಿಮೆಗೆ ಸಾಲುವಷ್ಟಿರುವುದರಿಂದ ದೇಹವು ಅದನ್ನು ಎಡೆಬಿಡದೆ ತಯಾರಿಸುತ್ತಿರಬೇಕಾಗುತ್ತದೆ. ದೀರ್ಘ ವ್ಯಾಯಾಮದಲ್ಲಿ ಈ ತಯಾರಿಕೆಯ ಬಹುಪಾಲು, ಕೊಬ್ಬು ಮತ್ತು ಕಾರ್ಬೊಹೈಡ್ರೇಟುಗಳನ್ನು ಆಮ್ಲಜನಕದ ನೆರವಿನಿಂದ ಒಡೆಯುವ ಮೂಲಕ ನಡೆಯುತ್ತದೆ. ಒಂದು ಲೀಟರ್ ಆಮ್ಲಜನಕ ಬಳಕೆಯಾದಾಗ ಸುಮಾರು 5 ಕಿಲೊಕ್ಯಾಲೊರಿ ಶಕ್ತಿ ಬಿಡುಗಡೆಯಾಗುವುದರಿಂದ, ಒಳಗೆಳೆದ ಮತ್ತು ಹೊರಬಿಟ್ಟ ಗಾಳಿಯ ವ್ಯತ್ಯಾಸವನ್ನು ಅಳೆದರೆ ಈ ಖರ್ಚು ತಿಳಿಯುತ್ತದೆ. ಹೊರಬಿದ್ದ ಇಂಗಾಲದ ಡೈಆಕ್ಸೈಡನ್ನು ಬಳಕೆಯಾದ ಆಮ್ಲಜನಕದಿಂದ ಭಾಗಿಸಿದರೆ ಇಂಧನದ ಬಗೆಯೂ ಗೊತ್ತಾಗುತ್ತದೆ. ಬರೀ ಕೊಬ್ಬು ಉರಿಯುವಾಗ ಈ ಅನುಪಾತ 0.7ರ ಸಮೀಪದಲ್ಲಿದ್ದು, ಬರೀ ಕಾರ್ಬೊಹೈಡ್ರೇಟ್ ಉರಿಯುವಾಗ 1 ಆಗುತ್ತದೆ.

ಹೊರಬಿಟ್ಟ ಉಸಿರನ್ನು ಹಿಡಿದಿಡುವ ಚೀಲವೊಂದನ್ನು ಆಕ್ಸ್‌ಫರ್ಡಿನ ಸಿ. ಜಿ. ಡಗ್ಲಸ್ 1911ರಲ್ಲಿ ರೂಪಿಸಿದ ಬಳಿಕ ಈ ಲೆಕ್ಕವನ್ನು ಪ್ರಯೋಗಾಲಯದ ಹೊರಗೂ ಮಾಡುವುದು ಸಾಧ್ಯವಾಯಿತು. ಅಂಥ ಚೀಲವನ್ನು ಓಟಗಾರರ ಬೆನ್ನಿಗೆ ಕಟ್ಟಿ ಅಧ್ಯಯನ ನಡೆಸಿದ ಎ. ವಿ. ಹಿಲ್ ಮತ್ತು ಹಾರ್ಟ್ಲಿ ಲಪ್ಟನ್, ವೇಗ ಹೆಚ್ಚಿದಂತೆ ಏರುವ ಆಮ್ಲಜನಕದ ಬಳಕೆ ಒಂದು ಮಿತಿ ತಲುಪಿದ ಮೇಲೆ, ಓಟ ಇನ್ನಷ್ಟು ಬಿರುಸಾದರೂ ಏರುವುದಿಲ್ಲ ಎಂದು 1923ರಲ್ಲಿ ಪ್ರತಿಪಾದಿಸಿದರು. ಇಂದು ವಿಒ2 ಮ್ಯಾಕ್ಸ್ ಎಂದು ಹೆಸರಾಗಿರುವ ಗರಿಷ್ಠ ಆಮ್ಲಜನಕ ಬಳಕೆ ಈ ಮಿತಿಯೇ.

ಈ ಮಿತಿಯನ್ನು ನಿರ್ಧರಿಸುವುದು ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಶ್ವಾಸಕೋಶವಲ್ಲ, ಹೃದಯ. ಪ್ರತಿ ಲೀಟರ್ ಅಪಧಮನಿಯ ರಕ್ತ ಸುಮಾರು 200 ಮಿಲಿಲೀಟರ್ ಆಮ್ಲಜನಕವನ್ನು ಹೊತ್ತಿದ್ದು, ತೀವ್ರ ವ್ಯಾಯಾಮದಲ್ಲಿ ಅದರಿಂದ 150ರಷ್ಟನ್ನು ದೇಹ ಹೀರಿಕೊಳ್ಳಬಲ್ಲದು; ನಿಮಿಷಕ್ಕೆ 20 ಲೀಟರ್ ರಕ್ತ ಪಂಪು ಮಾಡುವ ಹೃದಯವಿದ್ದರೆ ಬಳಕೆ 3 ಲೀಟರ್ ಆಗುತ್ತದೆ, ಅಂದರೆ 60 ಕಿಲೊ ತೂಕದವರಿಗೆ ಕಿಲೊ ಒಂದಕ್ಕೆ ನಿಮಿಷಕ್ಕೆ 50 ಮಿಲಿಲೀಟರ್. ತರಬೇತಿಯಿಂದ ಹೃದಯಬಡಿತದ ಗರಿಷ್ಠ ದರ ಅಷ್ಟಾಗಿ ಬದಲಾಗದಿದ್ದರೂ ಒಂದೊಂದು ಬಡಿತದಲ್ಲಿ ಹೊಮ್ಮುವ ರಕ್ತ ಹೆಚ್ಚುವುದರಿಂದಲೇ ಮಿತಿ ಮೇಲೇರುತ್ತದೆ. ಆದರೆ ಸಮಾನ ಮಿತಿಯುಳ್ಳ ಇಬ್ಬರು ಓಟಗಾರರು ಸಮಾನ ವೇಗದಲ್ಲಿ ಓಡಲೇಬೇಕೆಂದಿಲ್ಲ. ರಕ್ತದಲ್ಲಿ ಲ್ಯಾಕ್ಟೇಟ್ ಬೇಗನೆ ಶೇಖರವಾಗತೊಡಗುವ ಹಂತ ಯಾರಲ್ಲಿ ತಡವಾಗಿ ಬರುತ್ತದೆಯೋ ಅವರು ದೂರದ ಓಟದಲ್ಲಿ ಹೆಚ್ಚು ಹೊತ್ತು ವೇಗವನ್ನು ಕಾಯ್ದುಕೊಳ್ಳುತ್ತಾರೆ.

ಮುಖವಾಡ ತೊಟ್ಟು ಟ್ರೆಡ್‌ಮಿಲ್ ಮೇಲೆ ಓಡುವ ಪರೀಕ್ಷೆ ದುಬಾರಿಯಾದುದರಿಂದ ಮೈದಾನದ ಪರೀಕ್ಷೆಗಳು ಬಂದವು. 12 ನಿಮಿಷಗಳಲ್ಲಿ ಕ್ರಮಿಸಿದ ದೂರದಿಂದ ವಿಒ2 ಮ್ಯಾಕ್ಸನ್ನು ಅಂದಾಜಿಸುವ ವಿಧಾನವನ್ನು ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದರು; ಅದರ ಸೂತ್ರದಂತೆ 2,400 ಮೀಟರ್ ಓಡಿದವರ ಮೌಲ್ಯ ಸುಮಾರು 42. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಭಾರತದ ಆಟಗಾರರಿಗೆ ನಡೆಸಿದ ಯೋ-ಯೋ ಪರೀಕ್ಷೆ ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ ರೂಪಿಸಿದ್ದು. 20 ಮೀಟರ್ ಹೋಗಿಬಂದು, 10 ಸೆಕೆಂಡು ಸುಧಾರಿಸಿಕೊಂಡು, ಏರುವ ವೇಗದಲ್ಲಿ ಮತ್ತೆ ಓಡಬೇಕಾದ ಈ ಪರೀಕ್ಷೆ ಹೃದಯದ ಸಾಮರ್ಥ್ಯದ ಜೊತೆಗೆ ಚೇತರಿಕೆ, ತಿರುಗುವ ಚಾಕಚಕ್ಯತೆ ಮತ್ತು ಛಲವನ್ನೂ ಒರೆಗೆ ಹಚ್ಚುತ್ತದೆ. ಕೈಗಡಿಯಾರಗಳು ತೋರಿಸುವ ಅಂಕಿಯೂ ವೇಗ ಮತ್ತು ಹೃದಯಬಡಿತದಿಂದ ಊಹಿಸಿದ್ದೇ ಹೊರತು ಉಸಿರಿನಿಂದ ಅಳೆದದ್ದಲ್ಲ.

ಆರೋಗ್ಯವಂತರು ತಮ್ಮ ಪ್ರಗತಿಯನ್ನು ತಿಂಗಳಿಂದ ತಿಂಗಳಿಗೆ ಹೋಲಿಸಿ ನೋಡುವುದಕ್ಕೆ ಇಂಥ ಊಹೆ ಧಾರಾಳವಾಗಿ ಸಾಕು. ರೋಗಿಯ ವಿಷಯದಲ್ಲಿ ಸಾಲದು. ಹೃದಯ ಮತ್ತು ಶ್ವಾಸಕೋಶದ ಕ್ಷಮತೆಯನ್ನು ನಾಡಿ, ರಕ್ತದೊತ್ತಡಗಳಂತೆ ಜೀವಲಕ್ಷಣವಾಗಿ ಪರಿಗಣಿಸಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರಲ್ಲಿ ಹೇಳಿತು. ಆದರೆ ಬೀಟಾ ಬ್ಲಾಕರ್ ಎಂಬ ಔಷಧ ಸೇವಿಸುವವರಲ್ಲಿ ಹೃದಯಬಡಿತ ಕೃತಕವಾಗಿ ತಗ್ಗಿರುವುದರಿಂದ, ಬಡಿತವನ್ನು ನಂಬಿದ ಊಹೆ ಹಾದಿ ತಪ್ಪುತ್ತದೆ. ಆದ್ದರಿಂದಲೇ ಹೃದಯ ವೈಫಲ್ಯದ ರೋಗಿಗೆ ಹೃದಯ ಕಸಿ ಬೇಕೇ ಎಂದು ನಿರ್ಧರಿಸುವಾಗ ವೈದ್ಯರು ಉಸಿರನ್ನೇ ಅಳೆಯುತ್ತಾರೆ. ಕಿಲೊ ಒಂದಕ್ಕೆ ನಿಮಿಷಕ್ಕೆ 14 ಮಿಲಿಲೀಟರನ್ನು, ಬೀಟಾ ಬ್ಲಾಕರ್ ಸೇವಿಸುವವರಲ್ಲಿ 12ನ್ನು ದಾಟದ ಬಳಕೆ ಆ ನಿರ್ಧಾರದ ಮುಖ್ಯ ಮಾನದಂಡಗಳಲ್ಲೊಂದು.